ಕ್ರಿಸ್‌ಮಸ್ ರಜೆ ಯಾರೂ ಪುಕ್ಕಟೆ ಕೊಟ್ಟದ್ದಲ್ಲ

ಇವತ್ತು ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಮಾತು. "ಮಿಷನ್ ಶಾಲೆಯ ಟೀಚರುಗಳಿಗೇನು ಕಮ್ಮಿ, ದಸರಾಕ್ಕೂ ರಜೆ, ಕ್ರಿಸ್‌ಮಸ್ಸಿಗೂ ರಜೆ." ಅದರ ಕೆಳಗೆ ಹೌದು ಹೌದು ಎಂದವರಲ್ಲಿ ಅದೇ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರೂ ಇದ್ದಾರೆ. ಸಿಟ್ಟು ಬಂದದ್ದು ಅದಕ್ಕೇ. ನನ್ನದೂ ಪಾಠ ಮಾಡುವ ಕೆಲಸವೇ. ಲೆಕ್ಕ ಹೇಳುತ್ತೇನೆ, ಸಮಾಧಾನವಾಗಿ ಓದಿ.

ಶಿಕ್ಷಣ ಇಲಾಖೆಯ 2025-26ರ ವೇಳಾಪಟ್ಟಿಯನ್ನೇ ನೋಡಿ. ಮೇ 29ಕ್ಕೆ ಶಾಲೆ ಶುರು. ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ 18 ದಿನ ದಸರಾ ರಜೆ. ಏಪ್ರಿಲ್ 11ರಿಂದ ಬೇಸಿಗೆ ರಜೆ. ಕೆಲಸದ ದಿನಗಳು 242. ಈ ಪಟ್ಟಿಯಲ್ಲಿ ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25, ಆ ಒಂದೇ ದಿನ. ಹೆಚ್ಚು ಬೇಕಿದ್ದ ಸಂಸ್ಥೆ ಅರ್ಜಿ ಕೊಡಬೇಕು, ಜಿಲ್ಲೆಯ ಉಪನಿರ್ದೇಶಕರು ಒಪ್ಪಬೇಕು, ಡಿಸೆಂಬರಿನಲ್ಲಿ ತೆಗೆದುಕೊಂಡಷ್ಟು ದಿನವನ್ನು ದಸರಾ ರಜೆಯಲ್ಲಿ ಶಾಲೆ ನಡೆಸಿ ತುಂಬಿಸಬೇಕು. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಕಡಿತ. ಎರಡೂ ಕಡೆ ಪೂರ್ತಿ ರಜೆ ಎನ್ನುವುದು ಸುಳ್ಳು.

ಡಿಸೆಂಬರ್ 24ರಿಂದ ಜನವರಿ 1ರವರೆಗೆ ರಜೆ ಎಂದರೆ ಕೇಳಲಿಕ್ಕೆ ಒಂಬತ್ತು ದಿನ. 2025ರಲ್ಲಿ 25 ಗುರುವಾರ ಬಂತು, ಅದು ಹೇಗೂ ಸಾರ್ವತ್ರಿಕ ರಜೆ. 28 ಭಾನುವಾರ. ಉಳಿದದ್ದು ಏಳು ದಿನ, ಅದರಲ್ಲಿ ಒಂದು ಶನಿವಾರ. ದಿನಕ್ಕೆ ಏಳು ಪೀರಿಯಡ್, ಶನಿವಾರ ನಾಲ್ಕು ಎಂದು ಹಿಡಿದರೆ ತುಂಬಿಸಬೇಕಾದದ್ದು 46 ಪೀರಿಯಡ್. "ಶನಿವಾರ ಮಧ್ಯಾಹ್ನ ಶಾಲೆ ಮಾಡಿ ಮುಗಿಸಿ, ದಸರಾ ಯಾಕೆ ಮುಟ್ಟುತ್ತೀರಿ?" ಎಂದು ಕೇಳುವವರು ಈ ಲೆಕ್ಕ ಮಾಡಿರುವುದಿಲ್ಲ. ಶನಿವಾರವನ್ನು ಪೂರ್ಣ ದಿನ ಮಾಡಿದರೆ ಸಿಗುವುದು ಮೂರು ಪೀರಿಯಡ್ ಮಾತ್ರ. 46 ತುಂಬಲು ಹದಿನಾರು ಶನಿವಾರ ಬೇಕು! ಅಷ್ಟರಲ್ಲಿ ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ ಬಂದು ನಿಂತಿರುತ್ತದೆ. ಹಾಗಾಗಿ ದಸರಾವನ್ನು ಕತ್ತರಿಸದೆ ಬೇರೆ ದಾರಿಯಿಲ್ಲ.

ಕತ್ತರಿಸಿದ ಆ ದಸರಾ ದಿನಗಳಲ್ಲಿ ಶಾಲೆ ಹೇಗೆ ನಡೆಯುತ್ತದೆ ಗೊತ್ತೇ? ಮಂಗಳೂರಿನಲ್ಲಿ ನವರಾತ್ರಿ ಎಂದರೆ ಬೀದಿಯಲ್ಲಿ ಹುಲಿವೇಷ, ಕುದ್ರೋಳಿ ದೇವಸ್ಥಾನದಲ್ಲಿ ಜನಸಾಗರ. ಕ್ಲಾಸಿಗೆ ಅರ್ಧ ಮಕ್ಕಳು ಬಂದರೆ ಹೆಚ್ಚು. ಹೊಸ ಪಾಠ ಎತ್ತಿಕೊಂಡರೆ ಬಾರದವರಿಗಾಗಿ ಅದನ್ನೇ ಮತ್ತೆ ಮಾಡಬೇಕು, ಆ ಪೀರಿಯಡ್ ದಂಡ. ಅನುಭವ ಇರುವವರು ಆ ವಾರಕ್ಕೆಂದೇ ಲ್ಯಾಬ್ ಕೆಲಸ, ಭೂಪಟ, ವ್ಯಾಕರಣದ ಪುನರಾವರ್ತನೆ, ಹಿಂದುಳಿದವರ ಓದು ಇಟ್ಟುಕೊಂಡಿರುತ್ತಾರೆ. ಅನುದಾನಿತ ಶಾಲೆಯಾದರೆ ಬಿಸಿಯೂಟವೂ ನಡೆಯಬೇಕು. ಒಂದರಿಂದ ಐದರವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಮೇಲೆ 150 ಗ್ರಾಂ. ಮೊದಲ ಪೀರಿಯಡ್ಡಿನ ಹಾಜರಿ ಅಡುಗೆಮನೆಗೆ ಮುಟ್ಟುವ ಮೊದಲೇ ಅಕ್ಕಿ ಅಳೆದುಬಿಟ್ಟರೆ ಮಧ್ಯಾಹ್ನ ಅರ್ಧ ಪಾತ್ರೆ ಅನ್ನ ಉಳಿಯುತ್ತದೆ.

ಮಧ್ಯಾವಧಿಯ ಎಸ್‌ಎ-1 ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದೂ ಇದೇ ಹೊತ್ತಿನಲ್ಲಿ. ನಾಲ್ಕು ಸೆಕ್ಷನ್, ಒಂದೊಂದರಲ್ಲಿ 50 ಮಕ್ಕಳು ಎಂದರೆ 200 ಪೇಪರು. ಒಂದಕ್ಕೆ ಆರು ನಿಮಿಷ ಎಂದರೂ 20 ಗಂಟೆ. ಕನ್ನಡದ ಪ್ರಬಂಧ, ಸಮಾಜದ ದೀರ್ಘ ಉತ್ತರ ಇದ್ದರೆ ಆರು ನಿಮಿಷ ಸಾಲದು. ಬೇರೆ ಶಾಲೆಯವರು ರಜೆಯಲ್ಲಿ ತಿದ್ದುತ್ತಾರೆ. ಮಿಷನ್ ಶಾಲೆಯವರು ಸಂಜೆ ಮನೆಗೆ ಹೊತ್ತು ತಂದು, ಅಡುಗೆ ಮುಗಿಸಿ, ಊಟದ ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ.

ಮಿಷನ್ ಶಾಲೆಯಲ್ಲಿ ಕಲಿಸುವವರೆಲ್ಲ ಕ್ರೈಸ್ತರಲ್ಲ, ಇದೂ ಗುಂಪಿನವರಿಗೆ ಮರೆತುಹೋಗುತ್ತದೆ. ಹಿಂದೂ ಟೀಚರು ಮನೆಯ ನವರಾತ್ರಿ ಪೂಜೆಯನ್ನು ಬೆಳಿಗ್ಗೆ ಏಳಕ್ಕೇ ಮುಗಿಸಿ ಒಂಬತ್ತೂವರೆಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿರಬೇಕು. ಗಂಡ ಸರ್ಕಾರಿ ಹೈಸ್ಕೂಲಿನಲ್ಲಿದ್ದರೆ ಅವರಿಗೆ ಪೂರ್ತಿ ದಸರಾ ರಜೆ, ಡಿಸೆಂಬರಿನಲ್ಲಿ ಒಂದು ದಿನ. ಮಗು ಸಿಬಿಎಸ್‌ಇ ಶಾಲೆಯಲ್ಲಿದ್ದರೆ ಅದರ ರಜೆ ಮೂರನೆಯದು. ಒಂದೇ ಮನೆಯ ಮೂವರಿಗೆ ಒಟ್ಟಿಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ ಮಾತ್ರ, ಆಗಲೂ ಮೌಲ್ಯಮಾಪನ, ತರಬೇತಿ, ಚುನಾವಣೆ ಬಾರದಿದ್ದರೆ. ಮಗುವನ್ನು ಅಜ್ಜಿಮನೆಗೆ ಬಿಡುವುದೋ, ಪಕ್ಕದ ಮನೆಯ ಅಕ್ಕನ ಹತ್ತಿರ ಬಿಡುವುದೋ ಎನ್ನುವುದು ಪ್ರತಿ ದಸರಾದ ಚರ್ಚೆ.

ಕ್ರೈಸ್ತ ಟೀಚರುಗಳ ಮನೆಯಲ್ಲಿ ಈ ರಜೆ ಆರಾಮಕ್ಕೆ ಎಂದು ತಿಳಿದವರು ಡಿಸೆಂಬರ್ ಮೂರನೇ ವಾರ ಅವರ ಅಡುಗೆಮನೆ ನೋಡಲಿ. 23ರವರೆಗೆ ಶಾಲೆ. ಕುಸ್ವಾರ್, ಅಂದರೆ ಕ್ರಿಸ್‌ಮಸ್ಸಿನ ತಿಂಡಿಗಳು, ಆಗಬೇಕಾದದ್ದು ಅದಕ್ಕೂ ಮೊದಲು, ಸಂಜೆಗಳಲ್ಲಿ. ಕರಿಗಡುಬಿನಂಥ ನೆವ್ರಿಯ ಅಂಚು ಸರಿಯಾಗಿ ಒತ್ತದಿದ್ದರೆ ಹೂರಣ ಎಣ್ಣೆಗೆ ಸುರಿದು ಸುಟ್ಟು, ಮುಂದಿನ ಇಡೀ ಬಾಣಲೆ ಕಪ್ಪಾಗುತ್ತದೆ. ರೋಸ್ ಕುಕ್ಕೀಸಿನ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಕಿಡಿಯೊ ಒಂದೊಂದನ್ನೂ ಫೋರ್ಕಿನ ಬೆನ್ನಿನ ಮೇಲೆ ಸುತ್ತಬೇಕು, ಮನೆಮಂದಿಯೆಲ್ಲ ಕೂತರೂ ಒಂದು ಕಿಲೋ ಹಿಟ್ಟಿಗೆ ರಾತ್ರಿಯಾಗುತ್ತದೆ. ಆಮೇಲೆ 24ರ ರಾತ್ರಿಯ ಪೂಜೆ, ಕೊಯರ್ ಹಾಡು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ). ಶಾಲೆಯ ಮಕ್ಕಳ ಕ್ರಿಸ್‌ಮಸ್ ಕಾರ್ಯಕ್ರಮವನ್ನು ಕಲಿಸಿದ್ದೂ ಇವರೇ.

"ಬೇಸಿಗೆಯಲ್ಲಿ 48 ದಿನ ಸಿಗುತ್ತದಲ್ಲ" ಎನ್ನುತ್ತಾರೆ. ಸಿಗುತ್ತದೆ. ಅದಕ್ಕೇ ಗಳಿಕೆ ರಜೆ (ಕೆಲಸ ಮಾಡಿದ್ದಕ್ಕೆ ಜಮೆಯಾಗುವ ಸಂಬಳದ ರಜೆ) ಬೇರೆ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಇದ್ದರೆ ಶಿಕ್ಷಕರಿಗೆ 10. ಇನ್ನು 2025ರ ದಸರಾ ನೆನಪಿದೆಯೇ? ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯಿತು. ರಜೆ ಸಿಕ್ಕಿದ್ದು ಮಕ್ಕಳಿಗೆ. ಟೀಚರುಗಳು ಮೊಬೈಲ್ ಹಿಡಿದು, ಸರ್ವರ್ ಕೈಕೊಟ್ಟಾಗ ಯಾರದೋ ಜಗಲಿಯಲ್ಲಿ ಕಾಯುತ್ತ ಮನೆಮನೆ ಸುತ್ತಿದರು.

ನನ್ನ ತಕರಾರು ಇರುವುದು ಕ್ರಿಸ್‌ಮಸ್ ರಜೆ ಒಪ್ಪುವ ಆದೇಶ ತಡವಾಗುವುದರ ಬಗ್ಗೆ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಸೆಪ್ಟೆಂಬರ್ 20ರ ಟಿಕೆಟ್ಟಿಗೆ ಜುಲೈ 22ರಂದೇ ಕೂರಬೇಕು. ದಸರಾದಲ್ಲಿ ಯಾವ ದಿನ ಶಾಲೆ ಇದೆ ಎಂದು ಸೆಪ್ಟೆಂಬರಿನಲ್ಲಿ ತಿಳಿದರೆ ಮುಂಬಯಿಯ ತಂಗಿಯ ಮನೆಗೆ ಹೊರಟವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಸಿಗುವುದು ವೇಟಿಂಗ್ ಲಿಸ್ಟ್. ಮಕ್ಕಳ ಅಪ್ಪ ಅಮ್ಮಂದಿರಿಗೂ ಇದೇ ಪಾಡು. ಇಲಾಖೆಯ ವೇಳಾಪಟ್ಟಿ ಶಾಲೆ ಶುರುವಾಗುವ ಮೊದಲೇ ಬರುತ್ತದೆ. ಆಡಳಿತ ಮಂಡಳಿಗಳು ಜೂನ್ ಮೊದಲ ವಾರವೇ ಅರ್ಜಿ ಕೊಡಲಿ, ಉಪನಿರ್ದೇಶಕರ ಕಚೇರಿ ಆ ತಿಂಗಳೊಳಗೇ ಉತ್ತರಿಸಲಿ. ಯಾವ ದಿನ ರಜೆ, ಅದಕ್ಕೆ ಬದಲಾಗಿ ಯಾವ ದಿನ ಶಾಲೆ ಎಂದು ಎರಡೂ ಕಾಲಂ ಅಕ್ಕಪಕ್ಕ ಬರುವಂತೆ ಚೀಟಿ ಅಚ್ಚು ಹಾಕಿಸಿ ಮಕ್ಕಳ ಶಾಲಾ ಡೈರಿಗೆ ಅಂಟಿಸಿ, ಜುಲೈಯ ಪೋಷಕರ ಸಭೆಯಲ್ಲಿ ಓದಿ ಹೇಳಲಿ. ನಮ್ಮ ವಾಟ್ಸಾಪ್ ಗುಂಪಿಗೂ ಆ ಪುಟದ ಫೋಟೋ ಬರಲಿ.