ಜಗತ್ತಿನ ರಾಜಧಾನಿಗೆ ಮಣ್ಣು ಪರೀಕ್ಷೆ

ಹಿಟ್ಲರನಿಗೆ ಬರ್ಲಿನ್ ಚಿಕ್ಕದಾಯಿತು. ಅದನ್ನು ಒಡೆದು ಇಡೀ ಜಗತ್ತಿಗೇ ರಾಜಧಾನಿ ಕಟ್ಟಬೇಕು ಅಂತ ಹೊರಟ. 1937ರಲ್ಲಿ ಆ ಕೆಲಸ ಸಿಕ್ಕಿದ್ದು 31 ವರ್ಷದ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್‌ಗೆ.

ನಕ್ಷೆಯಲ್ಲೊಂದು ಮಹಾಸಭಾಂಗಣ. ಎತ್ತರ 290 ಮೀಟರ್. ಒಳಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ. ಅಷ್ಟೂ ಮಂದಿ ಉಸಿರು ಬಿಟ್ಟರೆ ಗುಮ್ಮಟದಡಿ ಹನಿಗಟ್ಟಿ, ಒಳಗೇ ಮಳೆ ಬೀಳಬಹುದು ಅನ್ನುವ ಮಾತಿತ್ತು. ಜೈಕಾರ ಹಾಕಲು ಬರುವವರು ಕೊಡೆಯನ್ನೂ ತರಬೇಕಿತ್ತು! ತುದಿಯಲ್ಲಿ ಸ್ವಸ್ತಿಕ ಹಿಡಿದ ಹದ್ದು. 1939ರಲ್ಲಿ ಸಾಹೇಬರಿಂದ ತಿದ್ದುಪಡಿ ಬಂತು: ಸ್ವಸ್ತಿಕ ಬೇಡ, ಭೂಗೋಳವನ್ನೇ ಹಿಡಿಯಲಿ. ಹದ್ದಿಗೆ ಬಡ್ತಿ.

ಕಲ್ಲು ಬರಬೇಕಾಗಿದ್ದು ಮೌಟ್‌ಹೌಸೆನ್, ಫ್ಲೋಸೆನ್‌ಬ್ಯುರ್ಗ್ ಕ್ವಾರಿಗಳಿಂದ. ಪಕ್ಕದಲ್ಲೇ ಸೆರೆಶಿಬಿರ. ಅಲ್ಲಿ ಕಲ್ಲು ಒಡೆಯುತ್ತಲೇ ಸತ್ತವರ ವಿಷಯದಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ.

ಸ್ಪೀರ್‌ಗೆ ಇನ್ನೊಂದು ಚಿಂತೆ. ಸಾವಿರ ವರ್ಷದ ಮೇಲೆ ಈ ಕಟ್ಟಡಗಳು ಬಿದ್ದಾಗಲೂ ರೋಮಿನ ಅವಶೇಷಗಳ ಹಾಗೆ ಚೆಂದ ಕಾಣಬೇಕಲ್ವಾ? ನ್ಯೂರೆಂಬರ್ಗ್‌ನಲ್ಲಿ ನಾಜಿ ಪಕ್ಷದ ಸಮಾವೇಶ ನಡೆಯುತ್ತಿದ್ದ ಮೈದಾನದ ಕಟ್ಟಡ ಪಾಳುಬಿದ್ದು ಬಳ್ಳಿ ಹಬ್ಬಿದ ಚಿತ್ರ ಬರೆಸಿ ತೋರಿಸಿದ. ಸುತ್ತಲಿನವರು ಸಿಟ್ಟಾದರು, ಹಿಟ್ಲರ್ ಮೆಚ್ಚಿದ. ಸಾವಿರ ವರ್ಷ ಕಾಯಬೇಕಾಗಲಿಲ್ಲ. ಸ್ಪೀರ್ ಕಟ್ಟಿ 1939ರ ಜನವರಿಯಲ್ಲಿ ಮುಗಿಸಿದ ಹಿಟ್ಲರನ ಹೊಸ ಕಚೇರಿ 1945ರಲ್ಲೇ ಪಾಳು. ಗಡುವಿಗೆ ಮುಂಚೆ ಮುಗಿದ ಸರ್ಕಾರಿ ಕೆಲಸ ಅಪರೂಪ, ಒಪ್ಪಿಕೊಳ್ಳೋಣ.

ಆ ಕಚೇರಿಯ ಅಮೃತಶಿಲೆಯ ಓಣಿ 146 ಮೀಟರ್ ಉದ್ದ. ನೆಲ ಜಾರುತ್ತಿತ್ತು. ಅದೇ ಸರಿ, ರಾಜತಾಂತ್ರಿಕರಿಗೆ ಜಾರುವ ನೆಲದ ಮೇಲೆ ನಡೆದು ಅಭ್ಯಾಸವಾಗಬೇಕು ಅಂತ ಹಿಟ್ಲರನ ಅಂಬೋಣ.

ಆದರೆ ಬರ್ಲಿನ್ನಿನ ಮಣ್ಣು ಮೆತ್ತಗೆ. ಅದೇ ನಕ್ಷೆಯಲ್ಲಿದ್ದ, ನೂರು ಮೀಟರಿಗೂ ಎತ್ತರದ ವಿಜಯದ್ವಾರವನ್ನು ಅದು ಹೊರುತ್ತದೆಯೇ? ನೋಡಲು 1941ರಲ್ಲಿ ಕಾಂಕ್ರೀಟಿನ ದಪ್ಪ ಕಂಬವೊಂದನ್ನು ಎಬ್ಬಿಸತೊಡಗಿದರು. ತೂಕ 12,650 ಟನ್. ಮೂರು ವರ್ಷದೊಳಗೆ ಅದು ಸುಮಾರು 19 ಸೆಂಟಿಮೀಟರ್ ಕುಸಿಯಿತು. ನಾಯಕರಿಗೆ ಎದುರು ಹೇಳಿದ್ದು ಮಣ್ಣು ಮಾತ್ರ.

ದ್ವಾರ ಬರಲಿಲ್ಲ, ಗುಮ್ಮಟವೂ ಬರಲಿಲ್ಲ. ಆ ಕಂಬ ಇವತ್ತಿಗೂ ಇದೆ. ಸಿಡಿಮದ್ದಿಟ್ಟು ಒಡೆಯೋಣ ಅಂದರೆ ಪಕ್ಕದಲ್ಲೇ ಮನೆಗಳು. ಕೊನೆಗೆ 1995ರಲ್ಲಿ ಸಂರಕ್ಷಿತ ಸ್ಮಾರಕ ಅಂತ ಬೋರ್ಡು ಬಿತ್ತು. ಈಗ ಅದನ್ನು ಬೀಳದ ಹಾಗೆ ನೋಡಿಕೊಳ್ಳುವ ಖರ್ಚು ತೆರಿಗೆ ಕಟ್ಟುವವರದ್ದು.