ಒಳನಾಡು ಸುರಕ್ಷಿತವೇ?

‘ಬಿರುಗಾಳಿಯ ಅಪಾಯ ಕರಾವಳಿಗೆ, ಒಳನಾಡು ಬಹುಮಟ್ಟಿಗೆ ಸುರಕ್ಷಿತ’ ಎಂಬ ಲೇಖನದ ಮಾತನ್ನು ದಾವಣಗೆರೆಯ ರೈತನಾಗಿ ಒಪ್ಪಲಾರೆ. ಸಮುದ್ರದ ಚಂಡಮಾರುತ ಇಲ್ಲಿಗೆ ತಲುಪುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ, ನಿಜ. ಆದರೆ ಏಪ್ರಿಲ್–ಮೇ ತಿಂಗಳ ಗುಡುಗುಮಳೆ ಹುಟ್ಟುವುದೇ ನಮ್ಮ ನೆತ್ತಿಯ ಮೇಲೆ. ಕಾದ ನೆಲದಿಂದ ಮೇಲೇರಿದ ತೇವದ ಗಾಳಿ 10 ಕಿ.ಮೀ.ಗೂ ಎತ್ತರದ ಮೋಡವಾಗಿ ಬೆಳೆಯುತ್ತದೆ. ಮಳೆ ಸುರಿಯತೊಡಗಿದಾಗ ಅದರೊಳಗಿನ ತಣ್ಣನೆಯ ಗಾಳಿ ನೆಲಕ್ಕೆ ಅಪ್ಪಳಿಸಿ ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಚಂಡಮಾರುತದ ಸುಳಿವು ದಿನಗಳ ಮೊದಲೇ ಸಿಗುತ್ತದೆ, ಇದರದು ಹೆಚ್ಚೆಂದರೆ ಕೆಲವು ಗಂಟೆ ಮೊದಲು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಬೇಸಿಗೆ ಭತ್ತ ಕಟಾವಿಗೆ ಬರುವುದೂ ಅದೇ ಹೊತ್ತಿಗೆ. ಆಲಿಕಲ್ಲು ಬಿದ್ದ ಮರುದಿನ ನಮ್ಮ ಗದ್ದೆಯಲ್ಲಿ ತೆನೆಗಳು ನಿಂತೇ ಇದ್ದವು, ಕಾಳೆಲ್ಲ ಕೆಸರಿನಲ್ಲಿತ್ತು.

ಸಿಡಿಲಿನ ವಿಷಯ ಲೇಖನದಲ್ಲಿ ಒಂದೇ ಸಾಲು! ಬಯಲಿನಲ್ಲಿ ದುಡಿಯುವವರ, ಮರದಡಿ ನಿಂತ ಕುರಿಗಾಹಿಗಳ ಜೀವ ಹೋಗುವುದು ಅದರಿಂದಲೇ. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ಕುರಿ ಮೇಯಿಸುವ ಎಷ್ಟು ಮಂದಿಯ ಮೊಬೈಲಿನಲ್ಲಿ ಅದಿದೆ? ಗ್ರಾಮ ಪಂಚಾಯಿತಿಗಳು ಆ ಎಚ್ಚರಿಕೆಯನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುವ ಏರ್ಪಾಡು ಈ ಬೇಸಿಗೆಯಲ್ಲಾದರೂ ಆಗಬೇಕು.