ಐವತ್ತೈದು ತುಂಬಿದವರಿಗೆ ಮಾತ್ರ ಸೂರ್ಯೋದಯ

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಬರುವ 44ನೇ ಹೆದ್ದಾರಿಯ ಎಡಬಲಗಳಲ್ಲಿ ಈಗ ಮುದುಕರ ಕಾಲ. ಮೊದಲು ಆ ಹೋರ್ಡಿಂಗುಗಳಲ್ಲಿ ಸಿಮೆಂಟು, ಟಿಎಂಟಿ ಕಂಬಿ, ಹುಟ್ಟುಹಬ್ಬದ ಶಾಸಕರು ಇರುತ್ತಿದ್ದರು. ಈಗ ಬೆಳ್ಳಿ ಕೂದಲಿನ ಗಂಡ ಹೆಂಡತಿ ಬಂದಿದ್ದಾರೆ. ಇಬ್ಬರಿಗೂ ಮೂವತ್ತೆರಡು ಹಲ್ಲೂ ಸಲೀಸಾಗಿವೆ. ಬಿಳಿ ಟೀ ಶರ್ಟು ತೊಟ್ಟು ಸೈಕಲ್ ಹೊಡೆಯುತ್ತಿದ್ದಾರೆ, ಹಿಂದೆ ನಂದಿಬೆಟ್ಟ, ಅದರ ಹಿಂದೆ ಸೂರ್ಯ. ನಮ್ಮ ಕಡೆ ಅರವತ್ತು ದಾಟಿದ ಗಂಡಸು ಬೆಳಿಗ್ಗೆ ಸೈಕಲ್ ಹತ್ತುವುದು ಡೇರಿಗೆ ಹಾಲು ಹಾಕೋದಕ್ಕೆ, ಆಗ ಅವನ ಮುಖದಲ್ಲಿ ಇಷ್ಟೊಂದು ನಗು ಇರುವುದಿಲ್ಲ. ಇರಲಿ. ಫ್ಲೆಕ್ಸಿನ ಕೆಳಗೆ ದಪ್ಪಕ್ಷರದಲ್ಲಿ, ಈ ಫ್ಲಾಟುಗಳು 55 ತುಂಬಿದವರಿಗೆ ಮಾತ್ರ ಎಂದು ಬರೆದಿರುತ್ತಾರೆ. ಸರ್ಕಾರ ತನ್ನ ನೌಕರನನ್ನು 60ಕ್ಕೆ ಬಿಡುತ್ತದೆ, ಬಿಲ್ಡರ್ 55ಕ್ಕೇ ಹಿಡಿದುಕೊಳ್ಳುತ್ತಾನೆ.

ಹಿಡಿದವರಲ್ಲಿ ನಮ್ಮ ಭಾವನೂ ಒಬ್ಬರು. ಸರ್ಕಾರಿ ನೌಕರಿ ಮುಗಿಸಿ ಬೆಂಗಳೂರಿನ ಆರ್.ಟಿ. ನಗರದಲ್ಲಿದ್ದಾರೆ. ಸ್ವಂತ ಮನೆ, ಒಂದು ಮಂಡಿ ನೋವು, ಟೆಕ್ಸಾಸಿನಲ್ಲಿ ಒಬ್ಬ ಮಗ. ಈ ಮನೆ ಮಾರಿ ನಂದಿಯ ತಪ್ಪಲಲ್ಲಿ ಹಿರಿಯರ ಸಮುಚ್ಚಯದಲ್ಲಿ ಎರಡು ಬೆಡ್‌ರೂಮಿನ ಫ್ಲಾಟು ತಗೊಳ್ಳಬೇಕೋ ಬೇಡವೋ ಎಂಬ ಧರ್ಮಸಂಕಟ ಅವರದು. ಭಾನುವಾರ ಬಂತೆಂದರೆ ಅಕ್ಕನನ್ನು ಕರಕೊಂಡು ಬರುತ್ತಾರೆ, ಸೈಟು ನೋಡುತ್ತಾರೆ, ನಮ್ಮ ಮನೆಯಲ್ಲಿ ಉಂಡು ಹೋಗುತ್ತಾರೆ. ಚಿಕ್ಕಬಳ್ಳಾಪುರದಲ್ಲೇ ಹುಟ್ಟಿ ಇಲ್ಲೇ ಮುದುಕನಾಗುತ್ತಿರುವ ನನಗೆ ಇದೊಂದು ವಿಚಿತ್ರ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ನನಗೂ ಬೆಟ್ಟ ಕಾಣುತ್ತದೆ. ಅದಕ್ಕೆ ಇದುವರೆಗೆ ಯಾರೂ ಬಿಲ್ ಕಳಿಸಿರಲಿಲ್ಲ.

ಸೇಲ್ಸ್ ಆಫೀಸಿನ ಹುಡುಗಿ ಬುದ್ಧಿವಂತೆ. ಗಂಡಸರೆಲ್ಲ ಅಂಕಲ್, ಹೆಂಗಸರೆಲ್ಲ ಆಂಟಿ, ಚೆಕ್ ಪುಸ್ತಕ ತೆಗೆದವರು ಸರ್. ಮೊದಲು ಗೋಡೆಯ ಮೇಲಿನ ನಕ್ಷೆ ತೋರಿಸಿದಳು. ವಿಮಾನ ನಿಲ್ದಾಣ ಇಪ್ಪತ್ತೈದು ನಿಮಿಷ ಅಂತ ಅದರಲ್ಲಿತ್ತು. ಮುದುಕರಿಗೆ ವಿಮಾನ ನಿಲ್ದಾಣ ಯಾಕಮ್ಮ ಅಂದೆ. "ಮಕ್ಕಳು ಬರೋದಕ್ಕೆ ಹತ್ತಿರ ಆಗುತ್ತಲ್ವಾ ಅಂಕಲ್" ಅಂದಳು. ಟೆಕ್ಸಾಸಿನಿಂದ ಒಂದು ಹಗಲು ಒಂದು ರಾತ್ರಿ ಹಾರಿ ಬರುವವನಿಗೆ ಕೊನೆಯ ಇಪ್ಪತ್ತೈದು ನಿಮಿಷದ ಅನುಕೂಲ. ಹೃದ್ರೋಗದ ದೊಡ್ಡಾಸ್ಪತ್ರೆ ಎಲ್ಲಿದೆ ಅಂತ ಕೇಳಿದ್ದಕ್ಕೆ, ಎಮರ್ಜೆನ್ಸಿಗೆ ಆಂಬುಲೆನ್ಸ್ ಇದೆ ಅಂದಳು. ಅದು ಬೆಂಗಳೂರಿಗೇ ಹೋಗಬೇಕು. ಹೆಬ್ಬಾಳದ ಫ್ಲೈಓವರ್ ದಾಟಿಸಿಕೊಂಡು ಹೋಗಬೇಕು. ಆ ಫ್ಲೈಓವರಿನ ಕೆಳಗೇ ಮನೆ ಇದ್ದಂತಿರುವ ಭಾವ, ಅದನ್ನು ಇಲ್ಲಿಂದ ಹೋಗಿ ದಾಟುವುದಕ್ಕೆ ಮನೆ ಮಾರುತ್ತಿದ್ದಾರೆ.

ಆಮೇಲೆ ಮಾದರಿ ಫ್ಲಾಟು. ಇದ್ದುದನ್ನು ಇದ್ದಂತೆ ಹೇಳಬೇಕು, ಚೆನ್ನಾಗಿತ್ತು. ಜಾರದ ಟೈಲ್ಸು, ಗಾಲಿಕುರ್ಚಿ ಹೋಗುವಷ್ಟು ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿದುಕೊಳ್ಳಲು ಉಕ್ಕಿನ ಕಂಬಿ. ಇವನ್ನೆಲ್ಲ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆಂದು ಹೊರಡಿಸಿದ ಮಾದರಿ ಮಾರ್ಗಸೂಚಿಯಲ್ಲೂ ಹೇಳಿದ್ದಾರೆ. ಮಾರ್ಗಸೂಚಿ ಅಂದರೆ ದಾರಿ ತೋರಿಸುವುದು, ನಡೆಯುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಮೋಡಿನ ಪಕ್ಕದಲ್ಲಿ ಒಂದು ಕೆಂಪು ದಾರ ನೇತಾಡುತ್ತಿತ್ತು. ಬಿದ್ದರೆ ಎಳೀಬೇಕು, ಎರಡೇ ನಿಮಿಷಕ್ಕೆ ನರ್ಸ್ ಬರ್ತಾರೆ ಅಂದಳು. ಭಾವ ಆಡಿಟ್ ವಿಭಾಗದಲ್ಲಿ ಇದ್ದವರು, ಹೇಳಿದ್ದನ್ನು ನಂಬುವ ಅಭ್ಯಾಸ ಇಲ್ಲ. ಎಳೆದೇ ಬಿಟ್ಟರು. ನಾವೆಲ್ಲ ಬಚ್ಚಲಿನಲ್ಲಿ ಒತ್ತಿಕೊಂಡು ನಿಂತು ಗಡಿಯಾರ ನೋಡಿದೆವು. ಎರಡು ನಿಮಿಷ ಆಯಿತು, ಐದು ಆಯಿತು. ಹುಡುಗಿ ಕ್ಲಬ್ ಹೌಸಿನ ಬಗ್ಗೆ ಮಾತಾಡತೊಡಗಿದಳು. ಕೊನೆಗೆ ಗೇಟಿನ ಸೆಕ್ಯುರಿಟಿಯವನು ಏದುಸಿರು ಬಿಡುತ್ತಾ ಬಂದು, "ಯಾರ್ ಸಾರ್ ಅದು ಎಳ್ದಿದ್ದು? ಎಳೀಬೇಡಿ, ಕಿತ್ಕೊಂಡು ಬರುತ್ತೆ, ಇನ್ನೂ ಕನೆಕ್ಷನ್ ಕೊಟ್ಟಿಲ್ಲ" ಅಂದ. ಹಾಗಾದರೆ ನೀನು ಹೇಗಪ್ಪ ಬಂದೆ ಎಂದು ಭಾವ ಕೇಳಿದರು. ಊಟಕ್ಕೆ ಹೋಗುವುದನ್ನು ಹೇಳಲು ಮೇಡಂ ಹತ್ತಿರ ಬಂದಿದ್ದನಂತೆ.

ಅಳತೆಯ ವಿಷಯಕ್ಕೆ ಬಂದಾಗ ಭಾವನಿಗೆ ಯೌವನ ಮರಳಿತು. ಫ್ಲಾಟು 1,150 ಚದರ ಅಡಿ, ಅಡಿಗೆ 6,500 ರೂಪಾಯಿ, ಒಟ್ಟು 74 ಲಕ್ಷದ 75 ಸಾವಿರ. ಆದರೆ ಒಳಗೆ ಕಾಲಿಟ್ಟು ನಡೆಯಬಹುದಾದ ಜಾಗ 760 ಅಡಿ. ಮಿಕ್ಕ 390 ಅಡಿ ಸೂಪರ್ ಬಿಲ್ಟಪ್. ಅಂದರೆ ಲಿಫ್ಟು, ಕಾರಿಡಾರು, ಮೆಟ್ಟಿಲುಗಳಲ್ಲಿ ನಿಮ್ಮ ಪಾಲು. ಬಿಲ್ಡರುಗಳಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ, ಅಂದರೆ ಈ ಒಳಗಿನ ಜಾಗದ ಲೆಕ್ಕದಲ್ಲೇ ಮಾರಬೇಕು ಅನ್ನುವುದು ಕಾನೂನು. ಇವರು ಕಾನೂನು ಪಾಲಿಸುತ್ತಾರೆ, ಒಪ್ಪಂದದ ಕಾಗದದಲ್ಲಿ 760 ಎಂದೇ ಬರೆಯುತ್ತಾರೆ. ದುಡ್ಡು ಮಾತ್ರ 1,150ಕ್ಕೆ ಎಣಿಸುತ್ತಾರೆ. "ಹಾಗಾದ್ರೆ ನನ್ನ ಪಾಲಿನ ಮೆಟ್ಟಿಲು ಯಾವುದು ತೋರಿಸಮ್ಮ, ಮಂಡಿ ನೋವಾದಾಗ ಅದರ ಮೇಲೆ ಕೂತ್ಕೋತೀನಿ" ಅಂದರು ಭಾವ. ಹುಡುಗಿ ಬರೆದುಕೊಂಡಳು.

ಹತ್ತು ಪರ್ಸೆಂಟಿಗಿಂತ ಹೆಚ್ಚು ಮುಂಗಡ ಪಡೆಯಬೇಕಾದರೆ ಮೊದಲು ಮಾರಾಟದ ಕರಾರು ನೋಂದಣಿ ಆಗಬೇಕು ಅಂತ ಅದೇ ಕಾಯ್ದೆಯ 13ನೇ ಕಲಂ. ಇಲ್ಲಿ ಇವತ್ತೇ ಇಪ್ಪತ್ತು ಪರ್ಸೆಂಟು ಕಟ್ಟಿದರೆ ಕ್ಲಬ್ ಹೌಸ್ ಸದಸ್ಯತ್ವ ಉಚಿತ, ಸೋಮವಾರದಿಂದ ಅಡಿಗೆ ಇನ್ನೂರು ಜಾಸ್ತಿ. ಕಳೆದ ಭಾನುವಾರವೂ ಸೋಮವಾರದಿಂದ ಜಾಸ್ತಿ ಆಗುವುದರಲ್ಲಿತ್ತು. ನೋಂದಣಿ ದಿನ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ಶೇ 2 ನೋಂದಣಿ ಶುಲ್ಕ. ಕಟ್ಟಡ ಇನ್ನೂ ಮೇಲೇಳುತ್ತಿರುವುದರಿಂದ ಜಿಎಸ್‌ಟಿ ಬೇರೆ. ನಿವೃತ್ತಿಯಲ್ಲಿ ಬಂದ ಗ್ರಾಚ್ಯುಟಿಯನ್ನು ಬಂದ ಕಡೆಗೇ ತಲುಪಿಸುವ ವ್ಯವಸ್ಥೆ ಇದರಷ್ಟು ಅಚ್ಚುಕಟ್ಟಾಗಿ ಇನ್ನೊಂದಿಲ್ಲ.

ಕೊಂಡ ಮೇಲೆ ಮುಗಿಯಿತು ಅಂದುಕೊಂಡಿರಾ? ಊಟ, ಕ್ಲೀನಿಂಗು, ನರ್ಸು, ಯೋಗ ಎಲ್ಲ ಸೇರಿದ ಪ್ಯಾಕೇಜು ದಂಪತಿಗೆ ತಿಂಗಳಿಗೆ 28 ಸಾವಿರ, ವರ್ಷ ವರ್ಷ ಏರುವಂಥದ್ದು. ಅದರ ಮೇಲೆ ಶೇ 18 ಜಿಎಸ್‌ಟಿ. ಇದರಲ್ಲಿ ಒಂದು ತಮಾಷೆ ಇದೆ. ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ ಅರವತ್ತು ದಾಟಿದವರು ತಿಂಗಳಿಗೆ 25 ಸಾವಿರದವರೆಗೆ ಕೊಟ್ಟರೆ ತೆರಿಗೆಯಿಲ್ಲ. ಅಂದರೆ ಮಕ್ಕಳು ಬಿಟ್ಟುಹೋದರು ಅಂತ ಅಳುವವರಿಗೆ ವಿನಾಯಿತಿ, ನಾವೇ ಇಷ್ಟಪಟ್ಟು ಬಂದೆವು ಅಂತ ನಗುವವರಿಗೆ ಹದಿನೆಂಟು ಪರ್ಸೆಂಟು. ಫ್ಲೆಕ್ಸಿನ ಆ ನಗುವಿನ ಬೆಲೆ ಈಗ ತಿಳಿಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವಯಸ್ಸಿನ ನಿಯಮ. ಕೊಳ್ಳಲು ಯಾವ ವಯಸ್ಸಾದರೂ ಆಗುತ್ತದೆ, ವಾಸಕ್ಕೆ ಮಾತ್ರ 55. ಭಾವನ ನಂತರ ಫ್ಲಾಟು ಮಗನಿಗೆ. ಅವನಿಗೀಗ 34. ತಂದೆಯ ಆಸ್ತಿಗೆ ವಾರಸುದಾರ ಆಗಬಹುದು, ಅದರೊಳಗೆ ಮಲಗಕೂಡದು. ಇಪ್ಪತ್ತೊಂದು ವರ್ಷ ಬೀಗ ಅಲ್ಲಿ ವಾಸ ಮಾಡುತ್ತದೆ, ಮಗ ಅದಕ್ಕೆ ಡಾಲರಿನಲ್ಲಿ ಮೇಂಟೆನೆನ್ಸ್ ಕಟ್ಟುತ್ತಾನೆ. ತಂದೆ ತಾಯಿಯ ಪೋಷಣೆಗೆ ಮಕ್ಕಳಿಂದ ಹಣ ಕೊಡಿಸಲು 2007ರಲ್ಲೇ ಕಾಯ್ದೆ ಮಾಡಿದ್ದಾರೆ. ತಂದೆ ತಾಯಿಯ ಖಾಲಿ ಫ್ಲಾಟಿನ ಪೋಷಣೆಗೆ ಯಾವ ಕಾಯ್ದೆಯೂ ಬೇಕಾಗಿಲ್ಲ, ಕರಾರಿನ ಸಣ್ಣಕ್ಷರ ಸಾಕು. ಮೊದಲ ಬ್ಲಾಕು ಆಗಲೇ ಪೂರ್ತಿ ಮಾರಾಟವಾಗಿದೆ. ಸಂಜೆ ದೀಪ ಹತ್ತುವ ಕಿಟಕಿಗಳು ಬೆರಳೆಣಿಕೆ. ಉಳಿದವರೆಲ್ಲಿ ಅಂದರೆ, ಅವರಿಗಿನ್ನೂ ಮೂವತ್ತೈದು ಮೂವತ್ತಾರು ಅಂಕಲ್, ಇನ್ವೆಸ್ಟರ್ಸು, ಮುದುಕರಾಗೋದಕ್ಕೆ ಕಾಯ್ತಿದಾರೆ ಅಂದಳು.

ನೀರಿನ ವಿಷಯ. ಕೆರೆ ಕಡೆ ಬಾಲ್ಕನಿ ಇರುವ ಫ್ಲಾಟಿಗೆ ಮೂರು ಲಕ್ಷ ಹೆಚ್ಚು. ಕೆರೆ ತುಂಬಿರುವುದು ನಿಜ. ತುಂಬಿಸಿದ್ದು ಯಾವುದು ಅಂತ ಬ್ರೋಷರಿನಲ್ಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಕೆರೆಗಳಿಗೆ ಬಿಡುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ನಮ್ಮೂರ ಬಾಯಲ್ಲಿ ಎಚ್.ಎನ್. ವ್ಯಾಲಿ. ಕಂದವಾರ ಕೆರೆಗೂ ಬಂದದ್ದು ಅದೇ. ಬೇಡ ಅನ್ನುವ ಸ್ಥಿತಿಯಲ್ಲಿ ನಾವಿಲ್ಲ, ಬೋರು ಸಾವಿರ ಅಡಿ ದಾಟಿದರೂ ಧೂಳೇ ಬರುವ ಸೀಮೆ ಇದು. ಮೂರನೇ ಹಂತವನ್ನೂ ಶುದ್ಧಮಾಡಿ ಕೊಡಿ ಅಂತ ರೈತರು ಕೇಳುತ್ತಲೇ ಇದ್ದಾರೆ. ನಾನು ಹೇಳುವುದಿಷ್ಟೆ, ಆರ್.ಟಿ. ನಗರದ ಚರಂಡಿ ಹರಿಯುವುದು ಹೆಬ್ಬಾಳ ಕಣಿವೆಗೆ. ಭಾವ ಎಳೆದ ಫ್ಲಶ್ಶು ಭಾವನಿಗಿಂತ ಮೊದಲೇ ಇಲ್ಲಿಗೆ ಬಂದು ನೆಮ್ಮದಿಯಾಗಿ ನೆಲೆಸಿದೆ. ಅದನ್ನು ಬಾಲ್ಕನಿಯಲ್ಲಿ ಕೂತು ನೋಡುವುದಕ್ಕೆ ಮೂರು ಲಕ್ಷ. ಕುಡಿಯುವ ನೀರೆಲ್ಲಿಂದ ಅಂದರೆ ಎತ್ತಿನಹೊಳೆ ಅಂದಳು. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆ ತರುವ ಆ ಯೋಜನೆಗೆ 2014ರಲ್ಲಿ ಅಡಿಗಲ್ಲು, 2024ರಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ. ಬ್ರೋಷರಿನಲ್ಲಿ ಆಗಲೇ ನಲ್ಲಿಗೆ ಬಂದುಬಿಟ್ಟಿದೆ. ಹಿಂದಿನ ಗೇಟಿನಲ್ಲಿ ಟ್ಯಾಂಕರ್ ನಿಂತಿತ್ತು.

ಲಾಬಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೊಡ್ಡ ಪಟ. ಮುದ್ದೇನಹಳ್ಳಿ ಪಕ್ಕದಲ್ಲೇ ಅಲ್ಲವೇ. ಈ ಮಣ್ಣಿನ ಗಾಳಿ ನೀರು ಎಂಥದ್ದು ನೋಡಿ ಅಂಕಲ್, ನೂರು ವರ್ಷ ಬದುಕಿದರು ಅಂದಳು. ಬದುಕಿದ್ದು ಹೌದು. ಆದರೆ ಇಲ್ಲಿ ಕೂತು ಬದುಕಲಿಲ್ಲ. 1918ರಲ್ಲಿ ದಿವಾನಗಿರಿ ಬಿಟ್ಟಾಗ ಅವರಿಗೆ 57, ಅಂದರೆ ಈ ಕಾಂಪೌಂಡಿಗೆ ಪೂರ್ತಿ ಅರ್ಹರು. ಆಗಲೇ ಯಾರಾದರೂ ಒಂದು ಫ್ಲಾಟು ಗಂಟು ಹಾಕಿದ್ದರೆ ಪೇಟ ತೆಗೆಸಿ ಕುರ್ಚಿ ಯೋಗಕ್ಕೆ ಕೂರಿಸುತ್ತಿದ್ದರು. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊರುವುದಕ್ಕೆ ಔಟ್‌ಪಾಸ್ ಸಿಗುತ್ತಿತ್ತೋ ಇಲ್ಲವೋ. ತೊಂಬತ್ತು ದಾಟಿದ ಮೇಲೆ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನೋಡಲು ಹೋದ ಮನುಷ್ಯ ಅವರು. ಇಲ್ಲಿ ತೊಂಬತ್ತು ದಾಟಿದವರು ಗೇಟು ದಾಟಬೇಕಾದರೆ ಮಕ್ಕಳ ಇಮೇಲ್ ಬೇಕು.

ಹೊರಗೆ ಬರುವಾಗ ಹುಲ್ಲುಹಾಸಿನಲ್ಲಿ ಒಬ್ಬ ಅಜ್ಜಿ ಕೂತು ಕಳೆ ಕೀಳುತ್ತಿದ್ದರು. ಎಷ್ಟಮ್ಮ ವಯಸ್ಸು ಅಂದೆ. "ಅರವತ್ತಾರೋ ಏಳೋ, ಪಿಂಚಣಿ ಬರ್ತೈತೆ ಸಾಮಿ" ಅಂದರು. ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200. ಪ್ಯಾಕೇಜಿನಲ್ಲಿ ಒಂದು ದಿನ ಮತ್ತೊಂದಿಷ್ಟು ಹೊತ್ತಿನ ಬೆಲೆ. ಆಕ್ಟಿವ್ ಸೀನಿಯರ್ ಲಿವಿಂಗ್ ಅಂತ ಬೋರ್ಡಿನಲ್ಲಿ ಬರೆದದ್ದಕ್ಕೆ ಅಲ್ಲಿ ನನಗೆ ಕಂಡ ಒಬ್ಬರೇ ಒಬ್ಬರು ಸಾಕ್ಷಿ ಆಕೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಆಕ್ಟಿವ್.

ಮೊದಲು ಆರು ತಿಂಗಳು ಬಾಡಿಗೆಗೆ ಇದ್ದು ನೋಡುತ್ತೇವೆ, ಹಿಡಿಸಿದರೆ ಕೊಳ್ಳುತ್ತೇವೆ ಅಂತ ಭಾವ ಒಂದು ನ್ಯಾಯದ ಮಾತಾಡಿದರು. ನನ್ನ ಪ್ರಕಾರ ಅವತ್ತು ಆ ಆಫೀಸಿನಲ್ಲಿ ಯಾರಾದರೂ ಆಡಿದ ತೂಕದ ಮಾತು ಅದೊಂದೇ. ಬೀಗ ಹಾಕಿದ ಅಷ್ಟೊಂದು ಫ್ಲಾಟು ಕಣ್ಣೆದುರಿಗಿದೆ. ಬಾಡಿಗೆಗೆ ಕೊಡೋದಿಲ್ಲ ಅಂಕಲ್, ಬೇಕಾದರೆ ಎರಡು ರಾತ್ರಿ ಟ್ರಯಲ್ ಸ್ಟೇ ಇದೆ, ಆರು ಸಾವಿರ, ಬುಕ್ ಮಾಡಿದರೆ ಅಡ್ಜಸ್ಟ್ ಮಾಡ್ತೀವಿ ಅಂದಳು. ಎರಡು ರಾತ್ರಿಯಲ್ಲಿ ಏನು ಗೊತ್ತಾಗುತ್ತೆ, ಶನಿವಾರ ಭಾನುವಾರವಾದರೆ ನಂದಿಗೆ ಸೂರ್ಯೋದಯ ನೋಡಲು ಹೊರಟ ಬೈಕುಗಳ ಸದ್ದಿಗೆ ನಾಲ್ಕಕ್ಕೇ ಎಚ್ಚರ ಆಗುತ್ತೆ ಅನ್ನುವುದೊಂದು ಗೊತ್ತಾಗುತ್ತೆ ಅಂತ ನಾನಂದೆ. ಭಾವ ನನ್ನ ಮೇಲೇ ರೇಗಿದರು. "ನೀನು ಸುಮ್ನಿರಯ್ಯ, ಹುಟ್ಟಿದೂರಲ್ಲಿ ಕೂತೋನಿಗೆ ಎಲ್ಲಾ ಹಾಸ್ಯ" ಅಂದರು. ಅದರಲ್ಲೂ ಸುಳ್ಳಿಲ್ಲ.

ಇಷ್ಟು ಹೊತ್ತು ಅಕ್ಕನನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಅಡುಗೆಮನೆಯ ಹತ್ತಿರ ನಿಂತಿದ್ದಳು. ಎರಡು ಒಲೆ ಇಡಲೂ ಜಾಗವಿಲ್ಲದ, ಕಾಫಿ ಕಾಯಿಸುವಷ್ಟರ ಒಂದು ಮೂಲೆ ಅದು. ಇದರಲ್ಲಿ ಮುದ್ದೆ ತೊಳಸೋದು ಹೇಗೆ, ಇದನ್ನೇ ಹಿಡಿದು ರೇಟು ಇಳಿಸಬಹುದು ಅಂತ ಭಾವನ ಕಣ್ಣು ಮಿಂಚಿತು. "ನೋಡಮ್ಮ, ನಮ್ಮ ಮನೆಯೋಳಿಗೆ ಇದು ಸಾಲಲ್ಲ" ಅಂದರು.

"ಯಾರಂದಿದ್ದು ಸಾಲಲ್ಲ ಅಂತ?" ಅಂದಳು ಅಕ್ಕ. "ಮೂರು ಹೊತ್ತೂ ಅವರೇ ಬಡಿಸ್ತಾರಾ? ಪಾತ್ರೆನೂ ಅವರೇ ತೊಳೀತಾರಾ?"

"ಹೌದು ಆಂಟಿ, ಡೈನಿಂಗ್ ಹಾಲ್ ಇದೆ. ಬೇಕಾದ್ರೆ ರೂಮಿಗೂ ಕಳಿಸ್ತೀವಿ."

ಸೂಪರ್ ಬಿಲ್ಟಪ್ಪು, 13ನೇ ಕಲಂ, ಎಚ್.ಎನ್. ವ್ಯಾಲಿ ಎಲ್ಲ ಅಲ್ಲಿಗೆ ಗಪ್‌ಚಿಪ್. ಮದುವೆಯಾದಂದಿನಿಂದ ಒಲೆ ಮುಂದೆ ನಿಂತವಳಿಗೆ ನಂದಿಬೆಟ್ಟ ಯಾವ ದಿಕ್ಕಿಗಿದ್ದರೇನು. ಅಕ್ಕ ಸ್ವಲ್ಪ ಹೊತ್ತು ಬ್ರೋಷರಿನ ಹಿಂದಿನ ಪುಟ ಓದಿದಳು. ಆಮೇಲೆ ಕನ್ನಡಕ ಏರಿಸಿ ಕೇಳಿದಳು:

"ಒಬ್ಬರೇ ಬಂದರೆ ಎಷ್ಟಮ್ಮ?"

"ಸಿಂಗಲ್ ಆಕ್ಯುಪೆನ್ಸಿ ಹದಿನೇಳು ಸಾವಿರ ಆಂಟಿ."

ಭಾವ ಆಮೇಲೆ ರೇಟಿನ ಮಾತೇ ಎತ್ತಲಿಲ್ಲ. ಈ ಭಾನುವಾರ ಅವರ ಸವಾರಿ ಇತ್ತ ಬಂದಿಲ್ಲ. ಫೋನ್ ಮಾಡಿದರೆ ಅಕ್ಕನೇ ಎತ್ತಿದಳು. ಬೆಳಗಿನ ಕಾಫಿ ಈಗ ಅವರೇ ಮಾಡುತ್ತಾರಂತೆ, ಡಿಕಾಕ್ಷನ್ ತೆಳ್ಳಗಂತೆ, ಉಪ್ಪಿಟ್ಟು ಮಾತ್ರ ಇನ್ನೂ ಗಂಟು ಗಂಟಂತೆ. ಫ್ಲಾಟಿನ ಕಥೆ ಏನಾಯಿತು ಅಂದೆ. ಉಪ್ಪಿಟ್ಟು ಸರಿಹೋಗುವ ತನಕ ಬ್ರೋಷರು ಫ್ರಿಜ್ಜಿನ ಬಾಗಿಲ ಮೇಲೇ ಇರುತ್ತೆ ಅಂದಳು.